ಎಡಮುರಿ, ಬಲಮುರಿ ಮತ್ತು ಎಲೆಕ್ಟ್ರಾನಿನ ದ್ರವ್ಯರಾಶಿ

(ಉಡುಪಿಯಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ವಿಜ್ಞಾನಾಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಒಂದು ಲೆಕ್ಕದಿಂದ ಶುರು ಮಾಡೋಣ. ನಿಮ್ಮ ಮನೆಯಲ್ಲಿ 50 ಕಿಲೋದ ಕುಚ್ಚಲಕ್ಕಿ ಚೀಲ ಇದೆ ಎಂದುಕೊಳ್ಳಿ. ಆ 50 ಕಿಲೋ ಎಲ್ಲಿಂದ ಬಂತು? ಅಕ್ಕಿಯಲ್ಲಿರುವುದು ಬಹುಪಾಲು ಪಿಷ್ಟ, ಸ್ವಲ್ಪ ಪ್ರೋಟೀನು, ಸ್ವಲ್ಪ ನೀರು. ಅವೆಲ್ಲ ಇಂಗಾಲ, ಜಲಜನಕ, ಆಮ್ಲಜನಕದಂಥ ಪರಮಾಣುಗಳಿಂದ ಆದವು. ಪರಮಾಣುವಿನ ಒಳಹೊಕ್ಕರೆ ಎಲೆಕ್ಟ್ರಾನುಗಳ ಪಾಲು ತೀರಾ ಚಿಕ್ಕದು. ಇಡೀ ಚೀಲದ ಎಲೆಕ್ಟ್ರಾನುಗಳನ್ನೆಲ್ಲ ಒಟ್ಟುಗೂಡಿಸಿದರೂ 15 ಗ್ರಾಂ ಆಸುಪಾಸು. ಉಳಿದದ್ದೆಲ್ಲ ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನು, ನ್ಯೂಟ್ರಾನುಗಳದ್ದು.

ಇಲ್ಲಿಯವರೆಗೆ ಶಾಲೆಯ ಪಾಠ. ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯೋಣ. ಪ್ರೋಟಾನಿನೊಳಗೆ ಎರಡು ಅಪ್ ಕ್ವಾರ್ಕು, ಒಂದು ಡೌನ್ ಕ್ವಾರ್ಕು ಇವೆ. ಕಣಗಳ ದ್ರವ್ಯರಾಶಿಯನ್ನು ಗ್ರಾಂನಲ್ಲಿ ಬರೆಯಹೊರಟರೆ ಸೊನ್ನೆಗಳಿಂದಲೇ ಹಲಗೆ ತುಂಬಿಹೋಗುತ್ತದೆ. ಹಾಗಾಗಿ ಅದನ್ನು ಶಕ್ತಿಯ ಮಾನದಲ್ಲಿ ಹೇಳುವುದು ರೂಢಿ: ಎಂಇವಿ, ಅಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್. ಅಪ್ ಕ್ವಾರ್ಕ್ ಸುಮಾರು 2.2 ಎಂಇವಿ, ಡೌನ್ ಕ್ವಾರ್ಕ್ ಸುಮಾರು 4.7 ಎಂಇವಿ. ಮೂರನ್ನೂ ಕೂಡಿಸಿದರೆ 9 ಎಂಇವಿ. ಆದರೆ ಪ್ರೋಟಾನನ್ನು ಅಳೆದರೆ ಸಿಗುವುದು 938 ಎಂಇವಿ.

ಮೂರು ಭಾಗಗಳ ಮೊತ್ತ 9, ಇಡಿಯದ್ದು 938. ನಿಮ್ಮ ಅಕ್ಕಿ ಚೀಲದಲ್ಲಿ ಕ್ವಾರ್ಕುಗಳ ಸ್ವಂತ ದ್ರವ್ಯರಾಶಿ ಎಂದು ಎಣಿಸಬಹುದಾದದ್ದು ಅರ್ಧ ಕಿಲೋಗಿಂತ ತುಸು ಹೆಚ್ಚು, ಅಷ್ಟೇ. ಮಿಕ್ಕ 49 ಕಿಲೋ ಯಾವುದರದ್ದು?

ಶಕ್ತಿಯದ್ದು. ಐನ್‌ಸ್ಟೈನ್ 1905ರಲ್ಲಿ ಬರೆದ ಆ ಪ್ರಸಿದ್ಧ ಪುಟ್ಟ ಲೇಖನದ ಶೀರ್ಷಿಕೆಯೇ ಒಂದು ಪ್ರಶ್ನೆ: ವಸ್ತುವಿನ ಜಡತ್ವ ಅದರೊಳಗಿನ ಶಕ್ತಿಯನ್ನು ಅವಲಂಬಿಸಿದೆಯೇ? ಅವರ ಉತ್ತರ, ಹೌದು. ನಾವು ಈ ಸಮೀಕರಣವನ್ನು ಯಾವಾಗಲೂ ಬಾಂಬಿನ ಜೊತೆ ನೆನೆಯುತ್ತೇವೆ, ದ್ರವ್ಯರಾಶಿ ಕರಗಿ ಶಕ್ತಿಯಾಗುವ ಕಡೆಯಿಂದಲೇ ಓದುತ್ತೇವೆ. ಅದನ್ನು ಮತ್ತೊಂದು ಕಡೆಯಿಂದ ಓದಬೇಕು. ಒಂದು ಪುಟ್ಟ ಜಾಗದಲ್ಲಿ ಶಕ್ತಿಯನ್ನು ಕೂಡಿಹಾಕಿದರೆ, ಆ ಜಾಗಕ್ಕೆ ದ್ರವ್ಯರಾಶಿ ಇರುತ್ತದೆ. ಪ್ರೋಟಾನಿನೊಳಗೆ ಕ್ವಾರ್ಕುಗಳು ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಹರಿದಾಡುತ್ತಿವೆ. ಅವುಗಳನ್ನು ಹೊರಬಿಡದೆ ಹಿಡಿದಿರುವ ಪ್ರಬಲ ಬಲದ ಕ್ಷೇತ್ರ, ಅದರ ಕಣಗಳಾದ ಗ್ಲುವಾನುಗಳು, ಎಲ್ಲವೂ ಶಕ್ತಿಯಿಂದ ತುಂಬಿ ತುಳುಕುತ್ತಿವೆ. ಗ್ಲುವಾನಿಗೆ ಸ್ವಂತ ದ್ರವ್ಯರಾಶಿಯೇ ಇಲ್ಲ. ಆದರೂ ನಾವು ತಕ್ಕಡಿಯಲ್ಲಿ ತೂಗುವ ಪ್ರತಿಯೊಂದು ವಸ್ತುವಿನ ಹೆಚ್ಚಿನ ಪಾಲು ಆ ಸೆರೆಸಿಕ್ಕ ಶಕ್ತಿಯೇ. ಇದು ಬರಿಯ ಊಹೆ ಎನ್ನಬೇಡಿ. 2008ರಲ್ಲಿ ಯುರೋಪಿನ ವಿಜ್ಞಾನಿಗಳ ತಂಡವೊಂದು ಪ್ರಬಲ ಬಲದ ಸಮೀಕರಣಗಳನ್ನು ಸೂಪರ್‌ಕಂಪ್ಯೂಟರುಗಳಲ್ಲಿ ಬಿಡಿಸಿ ಪ್ರೋಟಾನು ಮತ್ತು ಅದರ ಬಂಧು ಕಣಗಳ ದ್ರವ್ಯರಾಶಿಯನ್ನು ಲೆಕ್ಕ ಹಾಕಿತು. ಕೆಲವು ಶೇಕಡಾ ಅಂಶದ ಅನಿಶ್ಚಿತತೆಯೊಳಗೆ ಉತ್ತರ ಅಳತೆಗೆ ಹೊಂದಿತು.

ಇದನ್ನು ಮೊದಲೇ ಹೇಳಲು ಕಾರಣ ಇದೆ. 2012ರ ಜುಲೈಯಲ್ಲಿ ಹಿಗ್ಸ್ ಕಣ ಸಿಕ್ಕಿತು ಎಂದಾಗ ಪತ್ರಿಕೆಗಳು, ಟಿವಿ ವಾಹಿನಿಗಳು, ಎಷ್ಟೋ ಪಠ್ಯಪುಸ್ತಕಗಳು ಕೂಡ 'ಜಗತ್ತಿನ ಎಲ್ಲ ವಸ್ತುಗಳಿಗೂ ದ್ರವ್ಯರಾಶಿ ಕೊಡುವ ಕಣ' ಎಂದು ಬರೆದವು. ಅದು ತಪ್ಪು, ಮತ್ತು ಆ ತಪ್ಪು ಹಿಗ್ಸ್ ಕ್ಷೇತ್ರದ, ಅಂದರೆ ಈ ಕಣ ಯಾವುದರ ಅಲೆಯೋ ಆ ಕ್ಷೇತ್ರದ, ನಿಜವಾದ ಕೆಲಸವನ್ನೇ ಮರೆಮಾಡುತ್ತದೆ ಎಂಬುದು ನನ್ನ ಬೇಸರ. ಅದು ನಮ್ಮ ತೂಕದ ಮೂಲ ಅಲ್ಲ. ಅದು ನಮ್ಮ ಆಕಾರದ, ಗಾತ್ರದ, ರಸಾಯನದ ಮೂಲ. ಇವತ್ತು ನಾನು ನಿಮಗೆ ತಲುಪಿಸಬೇಕು ಎಂದುಕೊಂಡು ಬಂದದ್ದು ಇದನ್ನೇ.

ಪರಮಾಣುವಿಗೆ ಈಗಿರುವ ಗಾತ್ರ ಯಾಕಿದೆ? ಜಲಜನಕದ ಪರಮಾಣುವಿನ ತ್ರಿಜ್ಯ ಒಂದು ಮೀಟರಿನ ಸಾವಿರ ಕೋಟಿಯ ಅರ್ಧ ಪಾಲಿನಷ್ಟು. ಈ ಸಂಖ್ಯೆಯನ್ನು ನಿರ್ಧರಿಸುವುದು ಎಲೆಕ್ಟ್ರಾನಿನ ದ್ರವ್ಯರಾಶಿ, ಅದು ಬರುವುದು ಹಿಗ್ಸ್ ಕ್ಷೇತ್ರದಿಂದ. ಎಲೆಕ್ಟ್ರಾನ್ ಹಗುರವಾದಷ್ಟೂ ಅದರ ಅಲೆ ಹರಡುತ್ತದೆ, ಪರಮಾಣು ದೊಡ್ಡದಾಗುತ್ತದೆ, ಭಾರವಾದಷ್ಟೂ ಕುಗ್ಗುತ್ತದೆ. ಎರಡು ಪಟ್ಟು ಭಾರವಾದರೆ ಗಾತ್ರ ಅರ್ಧ. ದ್ರವ್ಯರಾಶಿಯೇ ಇಲ್ಲದಿದ್ದರೆ? ಪರಮಾಣುವೇ ಕಟ್ಟಿಕೊಳ್ಳುವುದಿಲ್ಲ. ಪ್ರೋಟಾನಿಗೆ ಎಲೆಕ್ಟ್ರಾನನ್ನು ತನ್ನ ಬಳಿ ಹಿಡಿದಿಡುವುದು ಸಾಧ್ಯವೇ ಆಗುವುದಿಲ್ಲ. ಆಗ ಪ್ರೋಟಾನಿನ ದ್ರವ್ಯರಾಶಿ ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತದೆ, ಆದರೆ ಅಕ್ಕಿ ಇರುವುದಿಲ್ಲ, ಚೀಲ ಇರುವುದಿಲ್ಲ, ತಕ್ಕಡಿಯೂ ಇರುವುದಿಲ್ಲ.

ಭಾರವಾದ ಎಲೆಕ್ಟ್ರಾನ್ ಬರಿಯ ಕಲ್ಪನೆಯಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ದಯವಿಟ್ಟು ಒಮ್ಮೆ ನಿಮ್ಮ ಅಂಗೈಯನ್ನು ಮೇಲ್ಮುಖವಾಗಿ ಚಾಚಿ. ಸೆಕೆಂಡಿಗೆ ಹೆಚ್ಚುಕಡಿಮೆ ಒಂದರಂತೆ ಮ್ಯುವಾನ್ ಎಂಬ ಕಣ ಈ ಸಭಾಂಗಣದ ಚಾವಣಿಯನ್ನು ದಾಟಿ, ನಿಮ್ಮ ಅಂಗೈಯನ್ನು ದಾಟಿ, ನೆಲಕ್ಕೆ ಇಳಿಯುತ್ತಿದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಮೇಲಿನ ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಕಣ ಇದು. ವಿದ್ಯುದಾವೇಶ ಎಲೆಕ್ಟ್ರಾನಿನದ್ದೇ, ಗಿರಕಿ ಎಲೆಕ್ಟ್ರಾನಿನದ್ದೇ, ಗುಣವೆಲ್ಲ ಎಲೆಕ್ಟ್ರಾನಿನದ್ದೇ. ಒಂದೇ ವ್ಯತ್ಯಾಸ, ಭಾರ 207 ಪಟ್ಟು ಹೆಚ್ಚು. ಪ್ರಯೋಗಾಲಯದಲ್ಲಿ ಜಲಜನಕದ ಎಲೆಕ್ಟ್ರಾನಿನ ಜಾಗದಲ್ಲಿ ಮ್ಯುವಾನನ್ನು ಕೂರಿಸಿದ್ದಾರೆ; ಆ ಪರಮಾಣು ಸಾಮಾನ್ಯ ಜಲಜನಕಕ್ಕಿಂತ ಸುಮಾರು 186 ಪಟ್ಟು ಚಿಕ್ಕದು. ಪ್ರೋಟಾನಿನ ತ್ರಿಜ್ಯವನ್ನು ಅತ್ಯಂತ ನಿಖರವಾಗಿ ಅಳೆದದ್ದು ಈ ಪುಟ್ಟ ಪರಮಾಣುವಿನಿಂದಲೇ.

ವಿಶ್ವಕಿರಣದ ಮಾತು ಬಂದಾಗ ನಮ್ಮ ಊರಿನ ಹೆಸರೊಂದನ್ನು ನೆನೆಯದೆ ಇರಲಾರೆ. ಇಲ್ಲೇ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಪ್ರೊ. ಯು. ಆರ್. ರಾವ್ ಅವರನ್ನು ನಾವು ಆರ್ಯಭಟ ಉಪಗ್ರಹದ ರೂವಾರಿ ಎಂದು, ಇಸ್ರೋ ಅಧ್ಯಕ್ಷರೆಂದು ಬಲ್ಲೆವು. ಅವರ ವೈಜ್ಞಾನಿಕ ಜೀವನ ಶುರುವಾದದ್ದು ವಿಕ್ರಮ್ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಅಧ್ಯಯನದಿಂದ. ಈ ಊರಿನ ಮಕ್ಕಳಿಗೆ ಅವರ ಆ ಮುಖವೂ ತಿಳಿದಿರಬೇಕು.

ಕ್ವಾರ್ಕುಗಳ ವಿಷಯಕ್ಕೆ ಬನ್ನಿ. ಅವುಗಳ ದ್ರವ್ಯರಾಶಿ ಒಟ್ಟು ಮೊತ್ತದಲ್ಲಿ ನೂರಕ್ಕೆ ಒಂದು ಪಾಲು ಎಂದೆ. ಆದರೆ ಡೌನ್ ಕ್ವಾರ್ಕು ಅಪ್ ಕ್ವಾರ್ಕಿಗಿಂತ ಸುಮಾರು ಎರಡೂವರೆ ಎಂಇವಿ ಹೆಚ್ಚು ಭಾರ ಎಂಬುದರ ಮೇಲೆ ಎಲ್ಲವೂ ನಿಂತಿದೆ. ವಿದ್ಯುತ್ ಬಲ ಮಾತ್ರ ಲೆಕ್ಕಕ್ಕಿದ್ದರೆ, ಆವೇಶವಿರುವ ಪ್ರೋಟಾನು ಆವೇಶವಿಲ್ಲದ ನ್ಯೂಟ್ರಾನಿಗಿಂತ ಭಾರವಾಗಬೇಕಿತ್ತು. ಡೌನ್ ಕ್ವಾರ್ಕಿನ ಹೆಚ್ಚುವರಿ ಭಾರ ಆ ಲೆಕ್ಕವನ್ನು ತಿರುಗಿಸಿ ನ್ಯೂಟ್ರಾನನ್ನು 1.3 ಎಂಇವಿಯಷ್ಟು ಭಾರ ಮಾಡಿದೆ. ಹೀಗಾಗಿ ಒಂಟಿ ನ್ಯೂಟ್ರಾನು ಸರಾಸರಿ ಕಾಲು ಗಂಟೆಯೊಳಗೆ ಪ್ರೋಟಾನಾಗಿ ಕ್ಷಯಿಸುತ್ತದೆ, ಪ್ರೋಟಾನು ಹಾಗೆಯೇ ಉಳಿಯುತ್ತದೆ. ಲೆಕ್ಕ ತಿರುಗುಮುರುಗಾಗಿದ್ದರೆ ಪ್ರೋಟಾನುಗಳು ನ್ಯೂಟ್ರಾನುಗಳಾಗಿ ಕರಗಿ ಜಲಜನಕವೇ ಉಳಿಯುತ್ತಿರಲಿಲ್ಲ. ಜಲಜನಕ ಇಲ್ಲವೆಂದರೆ ನೀರಿಲ್ಲ, ಸೂರ್ಯನಿಗೆ ಇಂಧನವಿಲ್ಲ.

ಈಗ ಮುಖ್ಯ ಪ್ರಶ್ನೆ. ನಡುವಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಚೀಟಿ ಕಳಿಸಿದ್ದಾಳೆ: 'ಸರ್, ಎಲೆಕ್ಟ್ರಾನಿಗೆ ವಿದ್ಯುದಾವೇಶ ಹುಟ್ಟಿನಿಂದಲೇ ಇದೆ ಎಂದು ಒಪ್ಪುತ್ತೇವೆ. ದ್ರವ್ಯರಾಶಿಯೂ ಹಾಗೆಯೇ ಹುಟ್ಟಿನಿಂದ ಇದ್ದರೆ ಏನು ತೊಂದರೆ? ಅದಕ್ಕೆ ಬೇರೊಂದು ಕ್ಷೇತ್ರ ಯಾಕೆ ಬೇಕು?' ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಜನಪ್ರಿಯ ಬರಹಗಳಲ್ಲಿ ಬಹಳಷ್ಟು ಈ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ನಾವು ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ನೀವೆಲ್ಲ ಶಂಖ ನೋಡಿದವರು. ಎಡಮುರಿ ಶಂಖ ಎಲ್ಲೆಡೆ ಸಿಗುತ್ತದೆ. ಬಲಮುರಿ ಅಪರೂಪ, ಹಾಗಾಗಿ ದುಬಾರಿ. ಎಡಮುರಿ ಶಂಖವನ್ನು ತಲೆಕೆಳಗು ಮಾಡಿ, ಹಿಂದುಮುಂದು ಮಾಡಿ, ಹೇಗೆ ಹಿಡಿದರೂ ಅದು ಎಡಮುರಿಯೇ. ಬಲಮುರಿಯಾಗಿ ಕಾಣಬೇಕಾದರೆ ಕನ್ನಡಿಯಲ್ಲಿ ನೋಡಬೇಕು. ಎಲೆಕ್ಟ್ರಾನಿನಲ್ಲೂ ಇಂಥದೇ ಎರಡು ಬಗೆ ಇವೆ. ಅದಕ್ಕೊಂದು ಗಿರಕಿ ಇದೆ, ಅದು ಸಾಗುವ ದಿಕ್ಕೂ ಇದೆ. ಸಾಗುವ ದಿಕ್ಕಿಗೆ ಬಲಗೈ ಹೆಬ್ಬೆರಳು ಚಾಚಿದಾಗ ಬೆರಳುಗಳು ಮಡಚುವ ಕಡೆಗೆ ಗಿರಕಿ ಇದ್ದರೆ ಅದನ್ನು ಬಲಮುರಿ ಎನ್ನೋಣ; ಅದಕ್ಕೆ ವಿರುದ್ಧವಾಗಿದ್ದರೆ ಎಡಮುರಿ.

ಕಣಕ್ಕೆ ದ್ರವ್ಯರಾಶಿ ಇಲ್ಲದಿದ್ದರೆ ಅದು ಸದಾ ಬೆಳಕಿನ ವೇಗದಲ್ಲೇ ಇರುತ್ತದೆ. ಅದನ್ನು ಹಿಂದಿಕ್ಕಲು ಯಾರಿಂದಲೂ ಆಗದು. ಆದ್ದರಿಂದ ಎಡಮುರಿ ಕಣ ಎಲ್ಲರಿಗೂ, ಯಾವಾಗಲೂ, ಎಡಮುರಿಯೇ. ಆದರೆ ದ್ರವ್ಯರಾಶಿ ಇದ್ದರೆ ಅದರ ವೇಗ ಬೆಳಕಿಗಿಂತ ಕಡಿಮೆ. ನಾನು ಅದನ್ನು ಹಿಂದಿಕ್ಕಿ ಮುಂದೆ ಹೋಗಿ ತಿರುಗಿ ನೋಡಬಹುದು. ನನ್ನ ದೃಷ್ಟಿಯಲ್ಲಿ ಆಗ ಅದು ಹಿಂದಕ್ಕೆ ಸರಿಯುತ್ತಿರುತ್ತದೆ. ಗಿರಕಿ ಮಾತ್ರ ಮೊದಲಿನಂತೆಯೇ. ನಿಮಗೆ ಎಡಮುರಿಯಾಗಿ ಕಂಡದ್ದು ನನಗೆ ಬಲಮುರಿ. ಅಂದರೆ ದ್ರವ್ಯರಾಶಿ ಇರುವ ಎಲೆಕ್ಟ್ರಾನು ಎಡಮುರಿಯೂ ಹೌದು, ಬಲಮುರಿಯೂ ಹೌದು. ಎರಡನ್ನೂ ಬೆಸೆದು ಒಂದು ಕಣವಾಗಿಸುವ ಬೆಸುಗೆಯೇ ದ್ರವ್ಯರಾಶಿ. ಎಂಎಸ್ಸಿ ಓದುತ್ತಿರುವವರು ನೋಡುವವರನ್ನು ಅವಲಂಬಿಸಿದ ಹೆಲಿಸಿಟಿ ಬೇರೆ, ಕಣದ ಸ್ವಂತ ಗುಣವಾದ ಕೈರಾಲಿಟಿ ಬೇರೆ ಎಂದು ಎಚ್ಚರಿಸಬಹುದು. ಸರಿಯಾದ ಮಾತು. ದ್ರವ್ಯರಾಶಿ ಇಲ್ಲದ ಕಣಕ್ಕೆ ಎರಡೂ ಒಂದೇ, ನಮ್ಮ ವಾದಕ್ಕೆ ಅಷ್ಟು ಸಾಕು.

ಇದರಲ್ಲಿ ತೊಡಕೇನು? 1956ರವರೆಗೆ ಯಾರಿಗೂ ತೊಡಕು ಕಂಡಿರಲಿಲ್ಲ. ಆ ವರ್ಷ ಲೀ ಮತ್ತು ಯಾಂಗ್ ಎಂಬ ಇಬ್ಬರು ತರುಣರು, ಬೀಟಾ ವಿಕಿರಣಕ್ಕೆ ಕಾರಣವಾದ ಕ್ಷೀಣ ಬಲವು ಎಡ ಬಲಗಳನ್ನು ಸಮನಾಗಿ ಕಾಣುತ್ತದೆ ಎಂಬುದಕ್ಕೆ ಪುರಾವೆಯೇ ಇಲ್ಲ ಎಂದು ತೋರಿಸಿದರು. ಚಿಯೆನ್-ಶಿಯುಂಗ್ ವೂ ಅದನ್ನು ಪ್ರಯೋಗಕ್ಕೆ ಒಡ್ಡಿದರು. ಕೊಬಾಲ್ಟ್-60 ನ್ಯೂಕ್ಲಿಯಸ್ಸುಗಳನ್ನು ನಿರಪೇಕ್ಷ ಶೂನ್ಯದ ತೀರಾ ಸಮೀಪಕ್ಕೆ ತಣಿಸಿ, ಕಾಂತಕ್ಷೇತ್ರದ ಸಹಾಯದಿಂದ ಅವೆಲ್ಲ ಒಂದೇ ದಿಕ್ಕಿನ ಗಿರಕಿಯಲ್ಲಿ ನಿಲ್ಲುವಂತೆ ಮಾಡಿ, ಹೊರಬೀಳುವ ಎಲೆಕ್ಟ್ರಾನುಗಳು ಯಾವ ಕಡೆ ಹೋಗುತ್ತವೆ ಎಂದು ಎಣಿಸಿದರು. ಎರಡೂ ಕಡೆ ಸಮನಾಗಿ ಹೋಗಬೇಕಿತ್ತು. ಹೋಗಲಿಲ್ಲ, ಗಿರಕಿಯ ದಿಕ್ಕಿಗೆ ವಿರುದ್ಧವಾದ ಕಡೆಯೇ ಹೆಚ್ಚು. 1957ರ ಜನವರಿಯಲ್ಲಿ ಫಲಿತಾಂಶ ಹೊರಬಂತು, ಅದೇ ವರ್ಷ ಲೀ ಮತ್ತು ಯಾಂಗ್‌ಗೆ ನೊಬೆಲ್ ಬಂತು. ವೂ ಅವರಿಗೆ ಬರಲಿಲ್ಲ, ಅದು ಅನ್ಯಾಯ ಎಂದೇ ನಾನು ಹೇಳುತ್ತೇನೆ. ಇದಕ್ಕೆ ಸರಿಯಾದ ಗಣಿತದ ರೂಪ ಕೊಟ್ಟವರಲ್ಲಿ ಮೊದಲಿಗರು ನಮ್ಮ ನೆರೆಯ ಕೇರಳದ ಕೊಟ್ಟಾಯಂ ಕಡೆಯ ಇ. ಸಿ. ಜಿ. ಸುದರ್ಶನ್ ಮತ್ತು ಅವರ ಗುರು ಮಾರ್ಷಕ್. ಅವರ ಸಿದ್ಧಾಂತದ ಸಾರ ಇಷ್ಟು: ಕ್ಷೀಣ ಬಲ ಮುಟ್ಟುವುದು ಎಡಮುರಿ ಎಲೆಕ್ಟ್ರಾನನ್ನು. ಅದರ ವಾಹಕವಾದ ಡಬ್ಲ್ಯು ಕಣದ ಪಾಲಿಗೆ ಬಲಮುರಿ ಎಲೆಕ್ಟ್ರಾನು ಇಲ್ಲವೇ ಇಲ್ಲ.

ಈಗ ತೊಡಕು ಎದುರಿಗೇ ನಿಂತಿದೆ ನೋಡಿ. ವಿದ್ಯುತ್ ಬಲಕ್ಕೆ ವಿದ್ಯುದಾವೇಶ ಇರುವಂತೆ ಕ್ಷೀಣ ಬಲಕ್ಕೂ ಒಂದು ಆವೇಶ ಇದೆ. ಎಡಮುರಿಗೆ ಆ ಆವೇಶ ಇದೆ, ಬಲಮುರಿಗೆ ಇಲ್ಲ. ದ್ರವ್ಯರಾಶಿ ಎಂದರೆ ಎಡಮುರಿ ಬಲಮುರಿಯಾಗುವುದು, ಬಲಮುರಿ ಎಡಮುರಿಯಾಗುವುದು. ಹಾಗೆ ಬದಲಾಗುವಾಗ ಆ ಆವೇಶ ಎಲ್ಲಿ ಹೋಯಿತು? ಮರಳಿ ಬರುವಾಗ ಎಲ್ಲಿಂದ ಬಂತು? ಆವೇಶ ತಾನಾಗಿ ಮಾಯವಾಗುವಂತಿಲ್ಲ, ತಾನಾಗಿ ಹುಟ್ಟುವಂತಿಲ್ಲ. ಸಿದ್ಧಾಂತದ ಇಡೀ ಸಮ್ಮಿತಿ ಆ ನಿಯಮದ ಮೇಲೆ ನಿಂತಿದೆ. ಎಲೆಕ್ಟ್ರಾನಿಗೆ ಹುಟ್ಟಿನಿಂದಲೇ ದ್ರವ್ಯರಾಶಿ ಇದೆ ಎಂದು ಸಮೀಕರಣದಲ್ಲಿ ಬರೆದರೆ ಆ ಕ್ಷಣವೇ ಈ ನಿಯಮ ಮುರಿಯುತ್ತದೆ. ಇದೇ ಆ ಚೀಟಿಗೆ ಉತ್ತರ. ದ್ರವ್ಯರಾಶಿಯನ್ನು ಕೈಯಾರೆ ಬರೆದುಬಿಡುವ ಅವಕಾಶವನ್ನು ಪ್ರಕೃತಿ ನಮಗೆ ಕೊಟ್ಟಿಲ್ಲ.

ಇರುವುದು ಒಂದೇ ದಾರಿ. ಆ ಆವೇಶವನ್ನು ತೆಗೆದುಕೊಳ್ಳಲು ಮತ್ತು ಕೊಡಲು ಎಲೆಕ್ಟ್ರಾನಿನ ಸುತ್ತ, ಎಲ್ಲ ಕಡೆ, ಎಲ್ಲ ಕಾಲ ಏನೋ ಒಂದು ಇರಬೇಕು. ಖಾಲಿ ಎಂದು ನಾವು ಕರೆಯುವ ನಿರ್ವಾತದಲ್ಲೇ ಇರಬೇಕು. ಅದೇ ಹಿಗ್ಸ್ ಕ್ಷೇತ್ರ.

ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರಗಳನ್ನು ನೀವು ಬಲ್ಲಿರಿ. ಎಲ್ಲ ಆವೇಶಗಳನ್ನೂ ದೂರ ಒಯ್ದರೆ ಅವು ಸೊನ್ನೆಗೆ ಇಳಿಯುತ್ತವೆ. ಸೊನ್ನೆಯಲ್ಲಿ ಅವುಗಳ ಶಕ್ತಿ ಅತ್ಯಂತ ಕಡಿಮೆ. ಹಿಗ್ಸ್ ಕ್ಷೇತ್ರದ ಸ್ವಭಾವ ಬೇರೆ. ಅದು ಸೊನ್ನೆಯಲ್ಲಿ ಇರಬೇಕಾದರೆ ಹೆಚ್ಚು ಶಕ್ತಿ ಬೇಕು. ಒಂದು ನಿಶ್ಚಿತ ಬೆಲೆಯಲ್ಲಿ ನಿಂತಾಗಲೇ ಅದಕ್ಕೆ ನೆಮ್ಮದಿ. ಆ ಬೆಲೆ 246 ಜಿಇವಿ, ಅಂದರೆ 2,46,000 ಎಂಇವಿ. ನಕ್ಷತ್ರಗಳ ನಡುವಿನ ಬಯಲಿನಲ್ಲಿ, ಮಲ್ಪೆಯ ಕಡಲಿನಲ್ಲಿ, ನಿಮ್ಮ ಎಲುಬಿನೊಳಗೆ, ಎಲ್ಲೆಡೆ ಅದೇ ಬೆಲೆ. ಬ್ರಹ್ಮಾಂಡ ಹುಟ್ಟಿ ಸೆಕೆಂಡಿನ ಲಕ್ಷ ಕೋಟಿಯ ಒಂದೆರಡು ಪಾಲಿನಷ್ಟು ಹೊತ್ತಿನವರೆಗೆ ತೀವ್ರ ಶಾಖದಿಂದಾಗಿ ಅದು ಸೊನ್ನೆಯಲ್ಲಿತ್ತು. ತಣಿಯುತ್ತ ಬಂದಂತೆ ಈ ಬೆಲೆಗೆ ಬಂದು ನಿಂತಿತು. ಅಂದಿನಿಂದ ಎಲೆಕ್ಟ್ರಾನಿಗೆ ದ್ರವ್ಯರಾಶಿ.

ಕ್ಷೇತ್ರದ ಬೆಲೆ ಎಲ್ಲ ಕಣಗಳಿಗೂ ಒಂದೇ. ಆದರೆ ಒಂದೊಂದು ಕಣ ಅದರೊಂದಿಗೆ ಬೆರೆಯುವ ಗಾಢತೆ ಒಂದೊಂದು ತರಹ. ಎಲೆಕ್ಟ್ರಾನಿನ ಗಾಢತೆ ಹತ್ತು ಲಕ್ಷದಲ್ಲಿ ಮೂರರಷ್ಟು, ಅದಕ್ಕೇ ಅದರ ದ್ರವ್ಯರಾಶಿ 0.511 ಎಂಇವಿ ಮಾತ್ರ. ಟಾಪ್ ಕ್ವಾರ್ಕಿನ ಗಾಢತೆ ಹೆಚ್ಚುಕಡಿಮೆ 1. ಅದರ ದ್ರವ್ಯರಾಶಿ 173 ಜಿಇವಿ, ಒಂದೇ ಮೂಲಕಣ ಇಡೀ ಟಂಗ್‌ಸ್ಟನ್ ಪರಮಾಣುವಿನಷ್ಟು ಭಾರ. ಗಾಢತೆ ಹೆಚ್ಚಿದಷ್ಟೂ ಎಡ ಬಲಗಳ ಅದಲುಬದಲು ಬೇಗಬೇಗ ನಡೆಯುತ್ತದೆ. ಎಲೆಕ್ಟ್ರಾನಿನ ದ್ರವ್ಯರಾಶಿಗೆ ಹೊಂದುವ ಕಂಪನಸಂಖ್ಯೆ ಸೆಕೆಂಡಿಗೆ 1ರ ಮುಂದೆ 20 ಸೊನ್ನೆ ಹಾಕಿದಷ್ಟು.

ಇಲ್ಲಿ ಒಂದು ಎಚ್ಚರಿಕೆ. ಹಿಗ್ಸ್ ಕ್ಷೇತ್ರ ಕಣಗಳನ್ನು ತಡೆದು ನಿಧಾನಗೊಳಿಸುತ್ತದೆ, ಅದೇ ದ್ರವ್ಯರಾಶಿ ಎಂಬ ವಿವರಣೆಯನ್ನು ನೀವು ಎಲ್ಲಾದರೂ ಓದಿರುತ್ತೀರಿ. ಮಕ್ಕಳಿಗೆ ದಯವಿಟ್ಟು ಹಾಗೆ ಕಲಿಸಬೇಡಿ. ತಡೆಯುವುದು ಘರ್ಷಣೆಯ ಕೆಲಸ. ಘರ್ಷಣೆ ಇದ್ದರೆ ಚಲಿಸುವ ವಸ್ತು ಕೊನೆಗೆ ನಿಲ್ಲಬೇಕು. ದೂರದ ಗೆಲಾಕ್ಸಿಯಿಂದ ಹೊರಟ ಎಲೆಕ್ಟ್ರಾನಿಗೆ ದಾರಿಯಲ್ಲಿ ಬೇರೇನೂ ಅಡ್ಡ ಬಾರದಿದ್ದರೆ ಅದು ಅದೇ ವೇಗದಲ್ಲಿ ಸಾಗುತ್ತಲೇ ಇರುತ್ತದೆ, ಹಿಗ್ಸ್ ಕ್ಷೇತ್ರ ಅದರ ಓಟವನ್ನು ಎಳ್ಳಷ್ಟೂ ಕಡಿಮೆ ಮಾಡುವುದಿಲ್ಲ. ನ್ಯೂಟನ್ನನ ಮೊದಲ ನಿಯಮ ಈ ಕ್ಷೇತ್ರದೊಳಗೂ ಪೂರ್ತಿಯಾಗಿ ಊರ್ಜಿತ. ಕ್ಷೇತ್ರ ಮಾಡುವುದು ಇಷ್ಟು: ನಿಂತಿರುವ ಎಲೆಕ್ಟ್ರಾನಿಗೂ ಒಂದು ಶಕ್ತಿ ಇರುವಂತೆ ಮಾಡುತ್ತದೆ. ಆ ನಿಂತ ಶಕ್ತಿಯೇ ದ್ರವ್ಯರಾಶಿ.

ಈ ವಿಚಾರ ಹುಟ್ಟಿದ್ದು ಕಣಗಳ ಲೋಕದಲ್ಲಲ್ಲ. ಮಣಿಪಾಲ, ಮಂಗಳೂರಿನ ಆಸ್ಪತ್ರೆಗಳಲ್ಲಿ ಎಂಆರ್‌ಐ ಯಂತ್ರ ನೋಡಿದ್ದೀರಿ. ಅಂಥ ಯಂತ್ರಗಳ ದೊಡ್ಡ ಕಾಂತಗಳಲ್ಲಿ ದ್ರವ ಹೀಲಿಯಂನಲ್ಲಿ, ಸುಮಾರು ಮೈನಸ್ 269 ಡಿಗ್ರಿಯಲ್ಲಿ ಇಟ್ಟ ಸೂಪರ್‌ಕಂಡಕ್ಟರ್ ತಂತಿ ಇರುತ್ತದೆ. ಸೂಪರ್‌ಕಂಡಕ್ಟರಿನೊಳಗೆ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿ ಒಂದೇ ಅಲೆಯಾಗಿ ತುಂಬಿಕೊಂಡಿರುತ್ತವೆ. ಕಾಂತಕ್ಷೇತ್ರ ಅದರೊಳಗೆ ಅತಿ ಸೂಕ್ಷ್ಮ ಆಳಕ್ಕೆ ಇಳಿದು ಅಲ್ಲಿಗೇ ಅಳಿದುಹೋಗುತ್ತದೆ. ಅಂದರೆ ಅಲ್ಲಿ ಬೆಳಕಿನ ಕಣವಾದ ಫೋಟಾನು ದ್ರವ್ಯರಾಶಿ ಪಡೆದಂತೆ ವರ್ತಿಸುತ್ತದೆ, ಯಾಕೆಂದರೆ ಅದರ ಸುತ್ತ ವಿದ್ಯುದಾವೇಶದ ಸಾಗರವೇ ಇದೆ. ಯೊಯಿಚಿರೊ ನಂಬು 1960ರ ಸುಮಾರಿಗೆ ಸೂಪರ್‌ಕಂಡಕ್ಟರಿನ ಗಣಿತವನ್ನು ಇಡೀ ನಿರ್ವಾತಕ್ಕೆ ಅನ್ವಯಿಸಿ ನೋಡಿದರು. ಫಿಲಿಪ್ ಆ್ಯಂಡರ್ಸನ್ 1962ರಲ್ಲಿ ಮುಂದಿನ ಸುಳಿವು ಕೊಟ್ಟರು. 1964ರಲ್ಲಿ ಬ್ರಸೆಲ್ಸ್‌ನಲ್ಲಿ ರಾಬರ್ಟ್ ಬ್ರೌಟ್ ಮತ್ತು ಫ್ರಾನ್ಸ್ವಾ ಆಂಗ್ಲೆರ್, ಎಡಿನ್‌ಬರೋದಲ್ಲಿ ಪೀಟರ್ ಹಿಗ್ಸ್, ಲಂಡನ್ನಿನಲ್ಲಿ ಗುರಾಲ್ನಿಕ್, ಹೇಗನ್ ಮತ್ತು ಕಿಬಲ್ ಕೆಲವೇ ತಿಂಗಳ ಅಂತರದಲ್ಲಿ ಒಂದೇ ಉತ್ತರಕ್ಕೆ ಬಂದರು. ಈ ಟಾಮ್ ಕಿಬಲ್ ಹುಟ್ಟಿದ್ದು ನಮ್ಮ ಮದ್ರಾಸಿನಲ್ಲಿ. ಅವರ ತಂದೆ ಅಲ್ಲಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪ್ರಾಧ್ಯಾಪಕರು.

ಪೀಟರ್ ಹಿಗ್ಸ್ ಅವರ ಎರಡನೆಯ ಲೇಖನವನ್ನು ಒಂದು ಪತ್ರಿಕೆ ಹಿಂದಿರುಗಿಸಿತು. ಅವರು ಅದಕ್ಕೆ ಸ್ವಲ್ಪ ಸೇರಿಸಿ ಮತ್ತೊಂದು ಪತ್ರಿಕೆಗೆ ಕಳಿಸಿದರು. ಹಾಗೆ ಸೇರಿಸಿದ ಭಾಗದಲ್ಲೇ ಇತ್ತು, ಈ ಕ್ಷೇತ್ರ ನಿಜವಾದರೆ ಅದರ ಅಲೆಯಾಗಿ ಒಂದು ಹೊಸ ಕಣ ಇರಬೇಕು ಎಂಬ ಮಾತು.

1964ರ ಈ ಲೇಖನಗಳಲ್ಲಿ ಎಲೆಕ್ಟ್ರಾನಿನ ದ್ರವ್ಯರಾಶಿಯ ಪ್ರಸ್ತಾಪ ಇಲ್ಲ. ಅವು ಬಲವನ್ನು ಒಯ್ಯುವ ಕಣಗಳ ಬಗ್ಗೆ ಬರೆದವು. ಸ್ಟೀವನ್ ವೈನ್‌ಬರ್ಗ್ 1967ರಲ್ಲಿ ಬರೆದ ಮೂರು ಪುಟದೊಳಗಿನ ಲೇಖನದಲ್ಲಿ ಎರಡೂ ಒಟ್ಟಿಗೆ ಕೂಡಿದವು. ಅಬ್ದುಸ್ ಸಲಾಂ ಅದೇ ದಾರಿಯಲ್ಲಿ ಸ್ವತಂತ್ರವಾಗಿ ಬಂದರು. ನಿರ್ವಾತದಲ್ಲಿ ಕ್ಷೀಣ ಬಲದ ಆವೇಶ ತುಂಬಿರುವುದರಿಂದ ಆ ಬಲದ ವಾಹಕಗಳಾದ ಡಬ್ಲ್ಯು ಮತ್ತು ಝಡ್ ಕಣಗಳು ಭಾರವಾದವು: 80 ಜಿಇವಿ, 91 ಜಿಇವಿ. ನಿರ್ವಾತದಲ್ಲಿ ವಿದ್ಯುದಾವೇಶ ಇಲ್ಲದ್ದರಿಂದ ಫೋಟಾನಿಗೆ ದ್ರವ್ಯರಾಶಿ ಬರಲಿಲ್ಲ. ಅದಕ್ಕೇ ಬೆಳಕು ಕೋಟ್ಯಂತರ ಜ್ಯೋತಿರ್ವರ್ಷ ದಾಟಿ ಬರುತ್ತದೆ, ಕ್ಷೀಣ ಬಲ ಪ್ರೋಟಾನಿನ ಗಾತ್ರದ ನೂರನೆಯ ಒಂದು ಪಾಲನ್ನೂ ದಾಟುವುದಿಲ್ಲ. ಸೂರ್ಯನಲ್ಲಿ ಎರಡು ಪ್ರೋಟಾನು ಬೆಸೆಯುವ ಮೊದಲ ಹೆಜ್ಜೆಗೆ ಈ ಕ್ಷೀಣ ಬಲವೇ ಬೇಕು. ಅಲ್ಲಿ ಒಂದು ಪ್ರೋಟಾನು ಸರಾಸರಿ ಕೆಲವು ನೂರು ಕೋಟಿ ವರ್ಷ ಕಾಯಬೇಕಾಗುತ್ತದೆ. ಸೂರ್ಯ ಒಂದೇಟಿಗೆ ಉರಿದುಹೋಗದೆ ನಮಗೆ ಇಷ್ಟು ಕಾಲ ಸಿಕ್ಕಿರುವುದರಲ್ಲಿ ಡಬ್ಲ್ಯು ಕಣದ ಆ ಭಾರದ ಪಾಲು ದೊಡ್ಡದು.

ಡಬ್ಲ್ಯು ಮತ್ತು ಝಡ್ 1983ರಲ್ಲಿ ಯುರೋಪಿನ ಕಣವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿ ಸಿಕ್ಕವು, ಹೇಳಿದ ಭಾರದಲ್ಲೇ. ಕ್ಷೇತ್ರದ ಸ್ವಂತ ಅಲೆ ಕಾಣಲು ಇನ್ನೂ 29 ವರ್ಷ ಬೇಕಾಯಿತು. ಜಿನೀವಾ ಬಳಿ, ನೆಲದಡಿ ಸುಮಾರು 100 ಮೀಟರ್ ಆಳದಲ್ಲಿ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳನ್ನು ಎದುರುಬದುರು ಡಿಕ್ಕಿ ಹೊಡೆಸುತ್ತಾರೆ. ನೂರು ಕೋಟಿಗೂ ಹೆಚ್ಚು ಡಿಕ್ಕಿಗಳಲ್ಲಿ ಒಂದು ಹಿಗ್ಸ್ ಕಣ ಹುಟ್ಟುತ್ತದೆ. ಅದರ ಆಯುಷ್ಯ ಎಷ್ಟೆಂದರೆ, ದಶಮಾಂಶ ಬಿಂದುವಿನ ನಂತರ 21 ಸೊನ್ನೆ ಬರೆದು ಆಮೇಲೆ 16 ಬರೆಯಿರಿ, ಅಷ್ಟು ಸೆಕೆಂಡು. ಕಣ ನೇರವಾಗಿ ಕಾಣಿಸುವುದಿಲ್ಲ, ಅದು ಒಡೆದ ಚೂರುಗಳು ಕಾಣಿಸುತ್ತವೆ. ಎರಡು ಫೋಟಾನುಗಳಾಗಿ ಒಡೆದ ಘಟನೆಗಳು, ನಾಲ್ಕು ಎಲೆಕ್ಟ್ರಾನು ಅಥವಾ ಮ್ಯುವಾನುಗಳಾಗಿ ಒಡೆದ ಘಟನೆಗಳು, ಎರಡರಲ್ಲೂ 125 ಜಿಇವಿ ಆಸುಪಾಸಿನಲ್ಲಿ ಒಂದು ಉಬ್ಬು. ಅಟ್ಲಾಸ್ ಮತ್ತು ಸಿಎಂಎಸ್ ಎಂಬ ಎರಡು ಪ್ರತ್ಯೇಕ ತಂಡಗಳು 2012ರ ಜುಲೈ 4ರಂದು ಒಂದೇ ವೇದಿಕೆಯಲ್ಲಿ ಅದನ್ನು ತೋರಿಸಿದವು. ಸಿಎಂಎಸ್ ಶೋಧಕದ ಭಾಗಗಳನ್ನು ಕಟ್ಟಿದವರಲ್ಲಿ ಮುಂಬೈನ ಟಿಐಎಫ್‌ಆರ್ ಮತ್ತು ಬಿಎಆರ್‌ಸಿ ವಿಜ್ಞಾನಿಗಳೂ ಇದ್ದಾರೆ. ಮರುವರ್ಷ ಹಿಗ್ಸ್ ಮತ್ತು ಆಂಗ್ಲೆರ್ ಅವರಿಗೆ ನೊಬೆಲ್ ಬಂತು. ಬ್ರೌಟ್ 2011ರಲ್ಲೇ ತೀರಿಕೊಂಡಿದ್ದರು.

ಆದರೆ ಒಂದು ಹೊಸ ಕಣ ಸಿಕ್ಕಿತು ಎಂದಮಾತ್ರಕ್ಕೆ ಎಲೆಕ್ಟ್ರಾನಿನ ದ್ರವ್ಯರಾಶಿ ಅದೇ ಕ್ಷೇತ್ರದಿಂದ ಬಂತು ಎಂದು ಸಾಬೀತಾಗುವುದಿಲ್ಲ. ಅದನ್ನು ಬೇರೆಯಾಗಿ ಪರೀಕ್ಷಿಸಬೇಕು. ಸಿದ್ಧಾಂತ ಒಂದು ಕಟ್ಟುನಿಟ್ಟಾದ ಮಾತು ಹೇಳುತ್ತದೆ: ಕಣ ಭಾರವಾದಷ್ಟೂ ಹಿಗ್ಸ್ ಕಣದೊಂದಿಗೆ ಅದರ ಒಡನಾಟ ಹೆಚ್ಚು, ಲೆಕ್ಕಕ್ಕೆ ಸರಿಯಾಗಿ. ಟಾವ್ (ಮ್ಯುವಾನಿಗಿಂತಲೂ ಭಾರವಾದ, ಎಲೆಕ್ಟ್ರಾನಿನ ಇನ್ನೊಂದು ಬಂಧು), ಬಾಟಮ್ ಕ್ವಾರ್ಕ್, ಟಾಪ್ ಕ್ವಾರ್ಕ್ ಮೂರರ ವಿಷಯದಲ್ಲೂ 2018ರ ಹೊತ್ತಿಗೆ ಇದು ಖಚಿತವಾಯಿತು. ಮ್ಯುವಾನಿಗೆ 2020ರಲ್ಲಿ ಮೊದಲ ಸುಳಿವು ಬಂತು. ಒಂದು ಕಡೆ ದ್ರವ್ಯರಾಶಿ, ಇನ್ನೊಂದು ಕಡೆ ಒಡನಾಟದ ಗಾಢತೆ ಇಟ್ಟು ನಕ್ಷೆ ಬರೆದರೆ ಮ್ಯುವಾನಿನಿಂದ ಟಾಪ್ ಕ್ವಾರ್ಕಿನವರೆಗೆ ಸಾವಿರ ಪಟ್ಟಿಗೂ ಹೆಚ್ಚಿನ ಅಂತರದಲ್ಲಿ ಎಲ್ಲ ಬಿಂದುಗಳೂ ಒಂದೇ ಸರಳರೇಖೆಯಲ್ಲಿ ಬೀಳುತ್ತವೆ. ನನ್ನ ಮಟ್ಟಿಗೆ ಆ ನಕ್ಷೆ 2012ರ ಉಬ್ಬಿಗಿಂತ ದೊಡ್ಡ ಸಂಗತಿ. ನಮ್ಮ ಎಲೆಕ್ಟ್ರಾನು ಅದರಲ್ಲಿ ಇನ್ನೂ ಸೇರಿಲ್ಲ; ಅದರ ಒಡನಾಟ ಈಗಿನ ಯಂತ್ರಗಳ ಕೈಗೆ ಸಿಗದಷ್ಟು ಕಡಿಮೆ.

ರೇಖೆ ಇದೆ, ಆದರೆ ಯಾವ ಕಣ ಆ ರೇಖೆಯ ಮೇಲೆ ಎಲ್ಲಿ ಕೂರಬೇಕು ಎಂಬುದಕ್ಕೆ ನಿಯಮ ಯಾರಿಗೂ ಸಿಕ್ಕಿಲ್ಲ. ಮ್ಯುವಾನು 207 ಪಟ್ಟು ಯಾಕೆ, 100 ಅಥವಾ 500 ಯಾಕಲ್ಲ? ಅಳೆದು ಬರೆಯುತ್ತೇವೆ, ಅಷ್ಟೇ. ಇಲ್ಲಿ ಕೂತಿರುವ ವಿದ್ಯಾರ್ಥಿಗಳಿಗೆ ಕೆಲಸ ಬಾಕಿ ಇದೆ.

ಕೊನೆಯಲ್ಲಿ ಎರಡು ಪ್ರಶ್ನೆಗಳು ಬಂದವು. ಹಿಗ್ಸ್ ಕಣಕ್ಕೇ ದ್ರವ್ಯರಾಶಿ ಎಲ್ಲಿಂದ ಬಂತು ಎಂಬುದು ಒಂದು. ಕ್ಷೇತ್ರವನ್ನು ಅದರ ನೆಮ್ಮದಿಯ ಬೆಲೆಯಿಂದ ಅತ್ತಿತ್ತ ಕದಲಿಸಲು ಎಷ್ಟು ಶಕ್ತಿ ಬೇಕೋ ಅದೇ ಹಿಗ್ಸ್ ಕಣದ ದ್ರವ್ಯರಾಶಿ. ಕ್ಷೇತ್ರ ತನ್ನೊಂದಿಗೆ ತಾನೇ ಎಷ್ಟು ಗಾಢವಾಗಿ ಒಡನಾಡುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಅದನ್ನು ಅಳೆಯಲು ಒಂದೇ ಡಿಕ್ಕಿಯಲ್ಲಿ ಎರಡು ಹಿಗ್ಸ್ ಕಣಗಳು ಹುಟ್ಟಬೇಕು. ಡಿಕ್ಕಿಗಳ ಸಂಖ್ಯೆಯನ್ನು ಹಲವು ಪಟ್ಟು ಹೆಚ್ಚಿಸಲು ಸರ್ನ್ ಯಂತ್ರವನ್ನು ಮೇಲ್ದರ್ಜೆಗೆ ಏರಿಸುತ್ತಿರುವುದರ ಮುಖ್ಯ ಗುರಿಗಳಲ್ಲಿ ಇದೂ ಒಂದು.

ಎರಡನೆಯದು ನ್ಯೂಟ್ರಿನೊ, ಅಂದರೆ ಬೀಟಾ ವಿಕಿರಣದಲ್ಲಿ ಎಲೆಕ್ಟ್ರಾನಿನ ಜೊತೆ ಹೊರಬೀಳುವ, ವಿದ್ಯುದಾವೇಶವಿಲ್ಲದ ಕಣದ ಬಗ್ಗೆ. ಕೇಳಿದವರು ನಿವೃತ್ತ ಶಿಕ್ಷಕರು: 'ನ್ಯೂಟ್ರಿನೊದಲ್ಲಿ ಬಲಮುರಿ ಇಲ್ಲ ಎಂದು ನಾವು ಓದಿದ್ದೆವು. ಹಾಗಾದರೆ ಅದಕ್ಕೆ ದ್ರವ್ಯರಾಶಿ ಹೇಗೆ?' ಮೇಷ್ಟ್ರು ನೇರವಾಗಿ ಗಾಯದ ಮೇಲೆಯೇ ಬೆರಳಿಟ್ಟಿದ್ದಾರೆ. ಇದರಲ್ಲಿ ನಮ್ಮ ರಾಜ್ಯದ ಪಾತ್ರವೂ ಇದೆ. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳು ಮೊದಲ ಬಾರಿಗೆ ಸಿಕ್ಕ ಜಾಗಗಳ ಸಾಲಿನಲ್ಲಿ ನಮ್ಮ ಕೋಲಾರದ ಚಿನ್ನದ ಗಣಿ ಇದೆ. 1965ರಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಭಾರತ, ಜಪಾನ್ ಮತ್ತು ಬ್ರಿಟನ್ ವಿಜ್ಞಾನಿಗಳು ಅಲ್ಲಿ ಅವನ್ನು ಹಿಡಿದರು. ಅದೇ ವಾಯುಮಂಡಲದ ನ್ಯೂಟ್ರಿನೊಗಳು ದಾರಿಯಲ್ಲಿ ಒಂದು ಬಗೆಯಿಂದ ಇನ್ನೊಂದು ಬಗೆಗೆ ಬದಲಾಗುತ್ತವೆ ಎಂದು 1998ರಲ್ಲಿ ಜಪಾನಿನ ಸೂಪರ್-ಕಾಮಿಯೊಕಾಂಡೆ ತೋರಿಸಿತು. ದ್ರವ್ಯರಾಶಿ ಇಲ್ಲದೆ ಹಾಗೆ ಬದಲಾಗಲು ಸಾಧ್ಯವಿಲ್ಲ. ಜರ್ಮನಿಯ ಕಾಟ್ರಿನ್ ಪ್ರಯೋಗದ ಪ್ರಕಾರ ಅದು 0.45 ಎಲೆಕ್ಟ್ರಾನ್ ವೋಲ್ಟಿಗಿಂತ ಕಡಿಮೆ, ಅಂದರೆ ಎಲೆಕ್ಟ್ರಾನಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ.

ಬಲಮುರಿ ನ್ಯೂಟ್ರಿನೊ ಈವರೆಗೆ ಯಾವ ಪ್ರಯೋಗದಲ್ಲೂ ಕಂಡಿಲ್ಲ. ಅಂಥದೊಂದು ಇರಬಹುದು. ಅದಕ್ಕೆ ಯಾವ ಬಲದ ಆವೇಶವೂ ಇಲ್ಲದ್ದರಿಂದ ಕಾಣದಿರುವುದು ಸಹಜ, ಆಗ ಹಿಗ್ಸ್ ಕ್ಷೇತ್ರ ಎಲೆಕ್ಟ್ರಾನಿನಲ್ಲಿ ಮಾಡಿದ ಬೆಸುಗೆಯನ್ನೇ ಇಲ್ಲೂ ಮಾಡಿರಬಹುದು. ಇಲ್ಲವೇ ಇಟಲಿಯ ಎತ್ತೋರೆ ಮಾಯೊರಾನಾ 1937ರಲ್ಲಿ ಸೂಚಿಸಿದಂತೆ ನ್ಯೂಟ್ರಿನೊ ತನ್ನ ಪ್ರತಿಕಣ (ಅಷ್ಟೇ ದ್ರವ್ಯರಾಶಿಯ, ವಿರುದ್ಧ ಆವೇಶದ ಜೋಡಿ ಕಣ) ತಾನೇ ಆಗಿರಬಹುದು. ವಿದ್ಯುದಾವೇಶ ಇರುವ ಎಲೆಕ್ಟ್ರಾನಿಗೆ ಆ ಅವಕಾಶವೇ ಇಲ್ಲ, ನ್ಯೂಟ್ರಿನೊಗೆ ಇದೆ. ಯಾವುದು ನಿಜ ಎಂದು ತಿಳಿಯಲು ಇಟಲಿಯ ಗ್ರಾನ್ ಸಾಸ್ಸೊ ಪರ್ವತದಡಿ ಜರ್ಮೇನಿಯಂ ಹರಳುಗಳನ್ನು, ಜಪಾನಿನ ಕಾಮಿಯೊಕಾ ಗಣಿಯಲ್ಲಿ ಕ್ಸೆನಾನನ್ನು ವರ್ಷಗಟ್ಟಲೆ ಕಾದು ನೋಡುತ್ತ ಬಂದಿದ್ದಾರೆ. ಎರಡು ಎಲೆಕ್ಟ್ರಾನು ಹೊರಬಂದು ಒಂದೂ ನ್ಯೂಟ್ರಿನೊ ಹೊರಬಾರದ ಕ್ಷಯ ಅಲ್ಲಿ ಖಚಿತವಾಗಿ ಕಂಡರೆ, ನ್ಯೂಟ್ರಿನೊಗೆ ದ್ರವ್ಯರಾಶಿ ಬಂದ ದಾರಿ ಎಲೆಕ್ಟ್ರಾನಿನ ದಾರಿಯಷ್ಟೇ ಅಲ್ಲ ಎಂದು ತೀರ್ಮಾನವಾಗುತ್ತದೆ.